ಇನ್ನೂ ಎಳೆದು ಎನ್ನುತ್ತಿದ್ದ ಬಟ್ಲರಣ್ಣ

ಬಟ್ಲರಣ್ಣ ಯಾವುದನ್ನೂ ಚೆನ್ನಾಗಿದೆ ಎಂದವರಲ್ಲ. ಚೆನ್ನಾಗಿಲ್ಲ ಎಂದವರೂ ಅಲ್ಲ. ಏನು ಕೊಟ್ಟರೂ ಅದು ಯಾವುದರ ಹಾಗಿದೆ, ಅದಕ್ಕೆ ಏನೇನು ಆಗಿದೆ ಎಂದಷ್ಟೇ ಹೇಳುತ್ತಿದ್ದರು. ನಾನು ಹೊಸದಾಗಿ ಕಾಫಿ ತೋಟದ ಆ ಬಂಗಲೆಗೆ ಬಂದಾಗ ಕಸ್ಟರ್ಡ್ ಮಾಡಿ ಒಂದು ಚಮಚ ಅವರಿಗೆ ಕೊಟ್ಟಿದ್ದೆ. ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ, ಹಾಲು ಒಮ್ಮೆ ತಳ ಹಿಡಿದಿತ್ತು, ಅಮ್ಮ, ನೀವು ಬೇಗ ಪಾತ್ರೆ ಬದಲಾಯಿಸಿದ್ದೀರಿ ಅಂದರು. ತಳ ಹಿಡಿದ ಪಾತ್ರೆಯನ್ನು ನಾನು ಯಾರೂ ನೋಡದ ಹಾಗೆ ಹಿತ್ತಿಲಲ್ಲಿ ಬೂದಿ ಹಾಕಿ ನೆನೆಸಿಟ್ಟಿದ್ದೆ.

ಹೋದ ವಾರ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವರ ತಂಗಿಯ ಮಗಳು ಸಿಕ್ಕಿದಳು. ಮಾವ ತೀರಿಕೊಂಡು ತಿಂಗಳಾಯಿತು ಎಂದಳು. ನಾಪೋಕ್ಲಿನ ಹತ್ತಿರ ಅವಳ ಮನೆಯಲ್ಲೇ ಕೊನೆಗಾಲ ಕಳೆದರು. ತೀರಿಕೊಳ್ಳುವ ಹಿಂದಿನ ದಿನ ಗಂಜಿ ಕುಡಿಸುವಾಗ, ಇದು ಈ ವರ್ಷದ ಅಕ್ಕಿ, ಸರಿಯಾಗಿ ಒಣಗಿಲ್ಲ ಅಂದರಂತೆ. ಅವಳು ಅಳುತ್ತಿದ್ದವಳು ಅದನ್ನು ಹೇಳುವಾಗ ನಕ್ಕಳು. ನನಗೂ ನಗು ಬಂತು. ಅಷ್ಟರಲ್ಲಿ ವಿರಾಜಪೇಟೆ ಬಸ್ಸು ಬಂದು ಅವಳು ಹತ್ತಿಬಿಟ್ಟಳು. ಕೇಳಬೇಕಾದ್ದು ಎಷ್ಟೋ ಹಾಗೇ ಉಳಿಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಮ್ಮವರು ಆ ತೋಟಕ್ಕೆ ಮ್ಯಾನೇಜರಾಗಿ ಬಂದರು. ತೋಟ ಕೈ ಬದಲಾಗಿತ್ತು. ಹಳೆಯ ಇಂಗ್ಲಿಷ್ ದೊರೆ ತಮ್ಮ ಊರಿಗೆ ಹೊರಟುಹೋಗಿದ್ದರು. ಬಂಗಲೆಯ ಜೊತೆಗೆ ನಮಗೆ ಬಂದದ್ದು ಒಂದು ಪಿಯಾನೊ, ಕಾಲು ಮುರಿದ ಎರಡು ಆರಾಮಕುರ್ಚಿ, ಅಡುಗೆಯ ಕುಞ್ಞಪ್ಪ, ಮತ್ತು ಇವರು. ಎಲ್ಲರೂ ಇವರನ್ನು ಬಟ್ಲರ್ ಎನ್ನುತ್ತಿದ್ದರು. ನನ್ನ ತಂದೆಯ ವಯಸ್ಸಿನವರನ್ನು ಹಾಗೆ ಕರೆಯಲು ಬಾಯಿ ಬರದೆ ನಾನು ಬಟ್ಲರಣ್ಣ ಎಂದೆ. "ಅಣ್ಣ ಗಿಣ್ಣ ಎಲ್ಲ ಬೊತ್ತು ಅಮ್ಮ, ಕೆಲಸದವ್ರು ಹಾಳಾಗ್ತಾರೆ" ಅಂದರು. ಆ ಕೆಲಸದವರು ಯಾರು ಎಂದು ಕೇಳಿದರೆ ಕುಞ್ಞಪ್ಪನ ಕಡೆ ಗಲ್ಲ ಎತ್ತಿ ತೋರಿಸಿದರು. ಅವರ ಮನೆಮಾತು ಅರೆಭಾಷೆ. ನಾನು ಬಾಳೆಲೆಯ ಕಡೆಯ ಕೊಡವರ ಮನೆಯವಳು. ಇಬ್ಬರಿಗೂ ನಡುವೆ ಕನ್ನಡ. ಅದರಲ್ಲಿ ಅವರದ್ದು ಸ್ವಲ್ಪ, ನನ್ನದು ಸ್ವಲ್ಪ ಬೆರೆತು ಹೋಗುತ್ತಿತ್ತು.

ತೆಳ್ಳಗೆ ಉದ್ದಕ್ಕಿದ್ದರು. ಬಿಳಿ ಕೋಟಿನ ತೋಳು ಮಾತ್ರ ಒಂದಂಗುಲ ಗಿಡ್ಡ. ಏನನ್ನಾದರೂ ಮೂಸುವಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಆ ಕೈ ಬೇರೆ ಏನನ್ನೋ ಮುಟ್ಟಿರಬಹುದು, ಅದರ ವಾಸನೆ ಇಲ್ಲಿಗೆ ಬರಬಾರದು ಎಂದು. ಬಾವಿಯ ನೀರು ಕುಡಿದು, ಮೇಲಿನ ಬೆಟ್ಟದಲ್ಲಿ ಮಳೆಯಾಗಿದೆ ಎನ್ನುವರು. ಮಧ್ಯಾಹ್ನದ ಹೊತ್ತಿಗೆ ತೋಡು ಕೆಂಪಾಗಿ ಬರುತ್ತಿತ್ತು. ಕುಞ್ಞಪ್ಪನಿಗೆ ಇದು ತಲೆನೋವು. ಬಟ್ಲರ್‌ಗೆ ನೆಗಡಿಯಾದ ವಾರ ಮಾತ್ರ ನಾನು ಈ ಅಡುಗೆಮನೆಗೆ ಯಜಮಾನ ಎಂದು ನನ್ನ ಹತ್ತಿರ ಹೇಳುತ್ತಿದ್ದ.

ಆ ಮೂಗನ್ನು ದೊರೆ ಕಂಡುಹಿಡಿದ ಕತೆಯನ್ನು ನಮ್ಮವರು ಕೇಳಿಕೊಂಡು ಬಂದು ಹೇಳಿದ್ದರು. ಯಾವುದೋ ದೊಡ್ಡ ಔತಣದಲ್ಲಿ ದೊರೆ ದುಬಾರಿ ವೈನ್ ತೆರೆದಿದ್ದರು. ಅತಿಥಿಗಳೆಲ್ಲ ಹೊಗಳಿದರು. ಇವರು ಪ್ಯಾಂಟ್ರಿಗೆ ಬಂದ ಖಾಲಿ ಗ್ಲಾಸನ್ನು ಮೂಸಿ, ಮೇಜಿನ ಹತ್ತಿರ ಹೋಗಿ ದೊರೆಯ ಕಿವಿಯಲ್ಲಿ, ಇದರಲ್ಲಿ ನೆನೆದ ಗೋಣಿಯ ವಾಸನೆ ಉಟ್ಟು ಅಂದರಂತೆ. ದೊರೆ ಮತ್ತೊಮ್ಮೆ ಮೂಸಿ ಕೆಂಪಗಾದರು. ಬಿರಡೆ ಕೆಟ್ಟಿತ್ತು. ಅಂದಿನಿಂದ ಆ ಮನೆಯಲ್ಲಿ ಯಾವ ಬಾಟಲಿ ತೆರೆದರೂ ಮೊದಲ ಗುಟುಕು ಇವರದ್ದು. ಗುಟುಕು ಎಂದರೆ ನುಂಗುವುದಲ್ಲ. ಬಾಯಲ್ಲಿ ಆಡಿಸಿ ಹಿತ್ತಾಳೆಯ ಪೀಕದಾನಿಗೆ ಉಗಿಯುವುದು. ಕೊಡಗಿನಲ್ಲಿ ಹುಟ್ಟಿ, ಮದುವೆ ಮನೆಗೆ ಹೋಗಿ, ಕುಡಿಯದೆ ಬರುವ ಗಂಡಸು ಎಂದು ನೆಂಟರೆಲ್ಲ ಹಾಸ್ಯ ಮಾಡುತ್ತಿದ್ದರು. ಅದಕ್ಕೆ ಅವರು, ನಾಲಿಗೆ ಬಾಗಿಲು, ಗಂಟಲು ಮನೆ, ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕರೆಯುವುದುಂಟಾ ಎಂದು ಕೇಳುತ್ತಿದ್ದರು.

ದೊರೆ ಹೋಗುವಾಗ ಆರು ಬಾಟಲಿ ಶಾಂಪೇನನ್ನು ಇವರ ವಶಕ್ಕೆ ಬಿಟ್ಟಿದ್ದರು. ಬಹಳ ದೊಡ್ಡ ಮನೆತನದ ಸರಕಂತೆ, ಅದರಲ್ಲೂ ಒಳ್ಳೆಯ ವರ್ಷದ್ದು. ಆದರೆ ಎಳೆಯದು. ಹತ್ತು ವರ್ಷ ಮಲಗಿದರೆ ಅದು ತಾನಾಗುತ್ತದೆ ಎಂದು ದೊರೆ ಹೇಳಿದ್ದರು. ಅದೇ ವರ್ಷದ ಕೆಲವು ಬಾಟಲಿ ಅವರ ಊರಿನಲ್ಲೂ ಇದ್ದವು. ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಪ್ರತಿ ವರ್ಷ ಹುತ್ತರಿ ಹಬ್ಬ ಕಳೆದ ಮೊದಲ ಭಾನುವಾರ ಇಲ್ಲಿ ಒಂದು, ಅಲ್ಲಿ ಒಂದು ತೆರೆಯುವುದು. ಹೇಗೆ ಬೆಳೆಯುತ್ತಿದೆ ಎಂದು ಇವರು ಬರೆದು ತಿಳಿಸುವುದು, ಅವರು ಉತ್ತರ ಬರೆಯುವುದು. ಬಾಟಲಿಗಳನ್ನು ಇವರು ಗೂಡೆಗಳು ಎನ್ನುತ್ತಿದ್ದರು, ಹುಡುಗಿಯರು ಎಂದು. ಉಗ್ರಾಣದ ಹಿಂದಿನ ಕತ್ತಲೆ ಕೋಣೆಯಲ್ಲಿ, ಹೊಳೆಯ ಮರಳು ತುಂಬಿದ ಪೆಟ್ಟಿಗೆಯಲ್ಲಿ ಆ ಆರೂ ಪಕ್ಕಕ್ಕೆ ಮಲಗಿದ್ದವು.

ಒಂದೇ ತೊಡಕು, ಇವರಿಗೆ ಇಂಗ್ಲಿಷ್ ಬರೆಯಲು ಬಾರದು. ಹಾಗಾಗಿ ಆ ಕೆಲಸ ನನಗೆ ಬಂತು. ನಿಮ್ಮ ಕಾನ್ವೆಂಟಿನ ಸಿಸ್ಟರುಗಳು ಇದಕ್ಕೇನಾ ನಿನಗೆ ಇಂಗ್ಲಿಷ್ ಕಲಿಸಿದ್ದು ಎಂದು ನಮ್ಮವರು ಕೀಟಲೆ ಮಾಡಿದರು.

ಮೊದಲ ಭಾನುವಾರ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆಯಿಂದ ಒಗ್ಗರಣೆ ಇಲ್ಲ. ನಾನು ಮಲ್ಲಿಗೆ ಮುಡಿಯಬಾರದು, ತಲೆಗೆ ಎಣ್ಣೆ ಹಚ್ಚಬಾರದು. ಅವರು ಕಾಫಿ ಮುಟ್ಟಲಿಲ್ಲ. ಗ್ಲಾಸುಗಳನ್ನು ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆದು, ಬಟ್ಟೆ ಸೋಕಿಸದೆ ಬಿಸಿಲಿನಲ್ಲಿ ಕವುಚಿ ಒಣಗಿಸಿದರು. ಬಾಟಲಿಯನ್ನು ಬುಟ್ಟಿಯಲ್ಲಿಟ್ಟು ಬಾವಿಗೆ ಇಳಿಬಿಟ್ಟರು. ಹನ್ನೊಂದು ಗಂಟೆಗೆ ಅದನ್ನು ಎತ್ತಿ ಒರೆಸಿ, ಬಿರಡೆಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಬಾಟಲಿಯನ್ನೇ ಮೆಲ್ಲಗೆ ತಿರುಗಿಸಿದರು. ನಾನು ಕಿವಿ ಮುಚ್ಚಿಕೊಂಡಿದ್ದೆ. ಆದರೆ ಕೇಳಿದ್ದು ನಿದ್ದೆಯಲ್ಲಿ ಮಗು ಬಿಡುವ ನಿಟ್ಟುಸಿರಿನಷ್ಟು ಸದ್ದು.

ಗ್ಲಾಸನ್ನು ಬೆಳಕಿಗೆ ಹಿಡಿದರು. ಗುಳ್ಳೆ ಸಾಸಿವೆಗಿಂತ ಸಣ್ಣ, ಆದರೆ ಅವಸರ ಜಾಸ್ತಿ ಎಂದರು. ಎಡಗೈ ಬೆನ್ನ ಹಿಂದೆ ಹೋಯಿತು. ಮೂಸಿದರು, ನಿಂತರು, ಮತ್ತೆ ಮೂಸಿದರು. ನಾನು ಪೆನ್ಸಿಲ್ ಹಿಡಿದು ಕೂತಿದ್ದೆ. ಮೊದಲು ಕೈಪುಳಿಯ ಹಸಿ ಸಿಪ್ಪೆ, ಉಗುರಿನಲ್ಲಿ ಚುಚ್ಚಿದಾಗ ಬರುವುದು. ಅದರ ಹಿಂದೆ ಕಾವಲಿಯಿಂದ ಆಗ ತಾನೇ ತೆಗೆದ ಅಕ್ಕಿರೊಟ್ಟಿಯ ಅಂಚು. ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಉಗಿದು, ಹೇಳಿದರು: "ಹುಳಿ ಬಾಗಿಲಿಗೆ ಅಡ್ಡ ನಿಂತುಟ್ಟು ಅಮ್ಮ. ಒಳಗೆ ತುಂಬಾ ಜನ ಉಟ್ಟು, ಹೊರಗೆ ಬರಕ್ಕೆ ಬಿಡ್ತಾ ಇಲ್ಲೆ. ಇನ್ನೂ ಎಳೆದು."

ಕೈಪುಳಿಗೆ ಇಂಗ್ಲಿಷಿನಲ್ಲಿ ಕಹಿ ಕಿತ್ತಳೆ ಎಂದು ಬರೆದೆ. ಅಕ್ಕಿರೊಟ್ಟಿಯ ಅಂಚಿಗೆ ಏನೂ ಸಿಗದೆ ಅದನ್ನು ಹಾಗೆಯೇ ಇಟ್ಟೆ. ದೊರೆಯ ಉತ್ತರ ಬಂತು. ನನಗೂ ಅದೇ ಸಿಕ್ಕಿತು, ಇಲ್ಲಿ ರೊಟ್ಟಿ ಇಲ್ಲದ್ದರಿಂದ ಏನೆಂದು ಹೇಳಲು ತಿಳಿದಿರಲಿಲ್ಲ ಎಂದು ಬರೆದಿದ್ದರು. ಅದನ್ನು ಓದಿ ಹೇಳಿದಾಗ ಬಟ್ಲರಣ್ಣ ಕಾಗದವನ್ನು ತೆಗೆದುಕೊಂಡು ಮಡಿಕೆಯ ಮೇಲೆ ಬೆರಳಾಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಒಂದು ವಾರ ಅದು ಅಲ್ಲೇ ಇತ್ತು. ಬಗ್ಗಿದಾಗಲೆಲ್ಲ ಚರಪರ ಎನ್ನುತ್ತಿತ್ತು.

ಆ ಚಳಿಗಾಲದಲ್ಲೇ ನಾನು ಕಿತ್ತಳೆ ವೈನ್ ಮಾಡಿದೆ, ನಮ್ಮ ಅವ್ವ ಮಾಡುವ ಕ್ರಮದಲ್ಲಿ. ಬಟ್ಲರಣ್ಣ ರುಚಿ ನೋಡಿ, ಹುಷಾರಿಲ್ಲದವರಿಗೆ ಕೊಡಬಹುದು ಎಂದರು. ನಾನು ಮುಖ ಸಣ್ಣದು ಮಾಡಿದ್ದನ್ನು ಕಂಡು, ಸಿಪ್ಪೆಯ ಒಳಗಿನ ಬಿಳಿ ನಾರು ಸೇರಿದೆ, ಅದರದ್ದೇ ಕಹಿ ಎಂದು ಕೂತು ಬಿಡಿಸಿ ತೋರಿಸಿದರು. ಎರಡನೇ ಸಲ ಮಾಡಿದ್ದನ್ನು ಬಾಟಲಿಗಳಿಗೆ ತುಂಬಿ ಅದೇ ಕತ್ತಲೆ ಕೋಣೆಯಲ್ಲಿಟ್ಟೆ. ಏಪ್ರಿಲಿನ ಸೆಕೆಗೆ ಅದರಲ್ಲೊಂದು ಕೋವಿ ಹೊಡೆದ ಹಾಗೆ ಒಡೆಯಿತು.

ಇದಕ್ಕೆ ಮದ್ದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬಾಟಲಿಯನ್ನು ನಿಲ್ಲಿಸಿ, ಕಾಯಿಸಿದ ಗೋಣಿ ಸೂಜಿಯನ್ನು ಬಿರಡೆಗೆ ಚುಚ್ಚುವುದು. ಒಳಗಿನ ಗಾಳಿ ಸುಯ್ಯೆಂದು ಹೊರಗೆ ಹೋಗುತ್ತದೆ. ಆಮೇಲೆ ತೂತಿಗೆ ಒಂದು ಹನಿ ಮೇಣ. ಕಾಫಿ ಚೀಲ ಹೊಲಿಯುವ ಸೂಜಿ ಬಂಗಲೆಯಲ್ಲೇ ಇತ್ತು. ಬಟ್ಲರಣ್ಣ ತಂಗಿಯ ಮಗಳ ಮದುವೆಗೆಂದು ನಾಪೋಕ್ಲಿಗೆ ಹೋಗಿದ್ದರು. ನನ್ನ ಬಾಟಲಿಗಳನ್ನೆಲ್ಲ ಮುಗಿಸಿ ತಿರುಗಿದಾಗ ಮರಳಿನ ಪೆಟ್ಟಿಗೆ ಕಂಡಿತು. ಬಾಟಲಿಯ ಕತ್ತಿಗೆ ಸುತ್ತಿದ ಜರಿ ಕಾಗದ ಎತ್ತಿ ನೋಡಿದರೆ, ಬಿರಡೆಗಳು ಉಬ್ಬಿ ಅಣಬೆಯ ಹಾಗೆ ನಿಂತಿವೆ, ಹಾರಿಹೋಗದಂತೆ ತಂತಿಯಲ್ಲಿ ಕಟ್ಟಿದ್ದಾರೆ. ನನಗೆ ಕನಿಕರವಾಯಿತು. ಇವೂ ಇನ್ನೇನು ಒಡೆಯುತ್ತವೆ, ಬಟ್ಲರಣ್ಣ ಇಲ್ಲದಾಗ ನಾನಲ್ಲವೇ ನೋಡಿಕೊಳ್ಳಬೇಕಾದವಳು ಎಂದುಕೊಂಡೆ. ಮೂರಕ್ಕೆ ಚುಚ್ಚಿದೆ. ಎಷ್ಟು ಹೊತ್ತು ಸುಯ್ಯೆಂದವೋ. ಪಾಪ, ಎಷ್ಟು ಕಷ್ಟಪಡುತ್ತಿದ್ದವು ಎಂದು ಸಮಾಧಾನವೇ ಆಯಿತು. ಮೇಣ ಹಾಕಿ, ಜರಿ ಕಾಗದವನ್ನು ಮೊದಲಿನ ಮಡಿಕೆಗೇ ಕೂರಿಸಿ, ಮರಳಿನಲ್ಲಿ ಮಲಗಿಸಿದೆ. ಹೊಲಿಗೆ ತರಗತಿಯಲ್ಲಿ ನನಗೆ ಯಾವಾಗಲೂ ಮೊದಲ ಬಹುಮಾನ. ನಾಲ್ಕನೆಯದಕ್ಕೆ ಕೈಹಾಕುವಷ್ಟರಲ್ಲಿ ಒಳಗೆ ಮಲಗಿದ್ದ ನಮ್ಮ ಮಗು ಎದ್ದು ಅತ್ತಿತು. ಅಲ್ಲಿಗೆ ಬಿಟ್ಟು ಹೋದವಳು ಆಮೇಲೆ ಮರೆತೆ.

ಹುತ್ತರಿ ಬಂತು, ಭಾನುವಾರ ಬಂತು. ಬಟ್ಲರಣ್ಣನ ಕಣ್ಣು ಆ ವರ್ಷ ಮಂಜಾಗತೊಡಗಿತ್ತು. ಮೆಟ್ಟಲನ್ನು ಕಾಲಿನಿಂದ ತಡವಿ ಇಳಿಯುತ್ತಿದ್ದರು. ಬಾಟಲಿ ತಿರುಗಿಸಿದರು. ಬಿರಡೆ ಸುಮ್ಮನೆ ಕೈಗೆ ಬಂತು. ನಿಟ್ಟುಸಿರಿಲ್ಲ. ಅವರು ಬಾಟಲಿಯ ಬಾಯಿಗೆ ಕಿವಿಯಿಟ್ಟರು. ಗ್ಲಾಸಿಗೆ ಹೊಯ್ದು ಬೆಳಕಿಗೆ ಹಿಡಿದರು, ಕಣ್ಣಿಗೆ ಹತ್ತಿರ, ಇನ್ನೂ ಹತ್ತಿರ. ನನಗೆ ದೂರದಿಂದಲೇ ಕಾಣುತ್ತಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಟ್ರೇಯ ಮೇಲೆ ಬಿದ್ದಿದ್ದ ಬಿರಡೆಯ ತಲೆಯಲ್ಲಿ ನನ್ನ ಮೇಣದ ಹನಿ ಸಾಸಿವೆಯಷ್ಟು ಹೊಳೆಯುತ್ತಿತ್ತು. ಆಗ ನನಗೆ ಎಲ್ಲ ಹೊಳೆಯಿತು. ಕೈ ತಾನಾಗಿ ಹೋಗಿ ಆ ಬಿರಡೆಯನ್ನು ಎತ್ತಿ ಸೆರಗಿನ ಮಡಿಕೆಗೆ ಸೇರಿಸಿತು.

ಅವರು ಬಾಯಿಗೆ ಹಾಕಿ ಉಗಿದರು. ಮತ್ತೆ ಹಾಕಿದರು. ಮೂರನೇ ಸಲ ಗ್ಲಾಸನ್ನು ಕೆಳಗಿಟ್ಟರು.

"ಬರೀರಿ ಅಮ್ಮ. ಗೂಡೆ ಸತ್ತು ಹೋತು. ತಪ್ಪು ಕಾವಲಿದ್ದವನದ್ದು."

ಬರೆದೆ. ನನ್ನ ದುಂಡು ಅಕ್ಷರದಲ್ಲಿ, ಒಂದು ತಪ್ಪಿಲ್ಲದೆ ಬರೆದೆ. ನಮ್ಮವರು ಸಂಜೆ ಸಿದ್ದಾಪುರಕ್ಕೆ ಹೋದಾಗ ಅಂಚೆಗೆ ಹಾಕಿದರು.

ಆಮೇಲಿನ ದಿನಗಳು ನನಗೆ ಕಷ್ಟವಾದವು. ಬಟ್ಲರಣ್ಣ ಬೈಯಲಿಲ್ಲ, ಕೊರಗಿ ಮಾತಾಡಲಿಲ್ಲ. ರುಚಿ ನೋಡುವುದನ್ನು ನಿಲ್ಲಿಸಿದರು, ಅಷ್ಟೇ. ಒಂದು ಮಧ್ಯಾಹ್ನ ಮೇಜಿಗೆ ಬಂದ ಸಾರಿಗೆ ಉಪ್ಪೇ ಇರಲಿಲ್ಲ. ಮೂವತ್ತು ವರ್ಷದಲ್ಲಿ ಅವರು ಬಾಯಿಗೆ ಹಾಕದೆ ತಂದ ಮೊದಲ ಪಾತ್ರೆ ಅದು. ಕುಞ್ಞಪ್ಪ ಯಜಮಾನನಾಗಿ ಸಂತೋಷಪಡಬೇಕಿತ್ತು. ಅವನು ನನ್ನ ಹತ್ತಿರ ಬಂದು, ಬಟ್ಲರ್‌ಗೆ ಮೈ ಸರಿಯಿಲ್ಲ, ನೀವಾದರೂ ಕೇಳಿ ಅಮ್ಮ ಎಂದ. ಕೇಳಿದೆ. ಅವರು ಹೇಳಿದ್ದು ಇಷ್ಟು: ಕಣ್ಣು ಹೋಗುವುದು ಗೊತ್ತಾಗುತ್ತದೆ. ನಾಲಿಗೆ ಹೋದರೆ ಹೋದವನಿಗೆ ಹೇಗೆ ಗೊತ್ತಾಗಬೇಕು? ಅಂದು ವೈನಿನಲ್ಲಿ ಗುಳ್ಳೆ ಇತ್ತೋ, ನನಗೇ ತಿಳಿಯಲಿಲ್ಲವೋ. ಕಾಫಿ ಪಿಕ್ಕಿಂಗ್ ಮುಗಿದ ಮೇಲೆ ನಾಪೋಕ್ಲಿಗೆ ಹೋಗಿಬಿಡುತ್ತೇನೆ, ದೊರೆಗೆ ಸುಳ್ಳು ಬರೆಸುವ ಹಾಗೆ ಆಗಬಾರದು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ನನ್ನನ್ನು ನೋಡಿ ಮರುಗಿದರು. ನೀನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಇನ್ನೊಂದು ಬಾಟಲಿ ತೆಗೆದು ಸರಿ ಇದ್ದರೆ ಅವರಿಗೇ ಸಮಾಧಾನವಾಗುತ್ತದೆ ಎಂದರು. ನಾನೂ ಎರಡು ದಿನ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ದೊರೆಯ ಕಾಗದ ಬಂತು. ಅಲ್ಲಿಯ ಗೂಡೆ ಚುರುಕಾಗಿದ್ದಾಳೆ, ನಿನ್ನ ಮೇಲೆ ತಪ್ಪು ಹೊರಿಸಿಕೊಳ್ಳಬೇಡ, ಬಿರಡೆ ನೋಡು ಎಂದು ಬರೆದಿದ್ದರು.

ಓದಿ ಹೇಳಬೇಕಾದವಳು ನಾನು. ಬಿರಡೆ ನೋಡು ಎಂಬಲ್ಲಿಗೆ ಕಾಗದ ಮಡಿಸಿ ಎದ್ದುಹೋದೆ.

ಪ್ಯಾಂಟ್ರಿಯಲ್ಲಿ ಅವರು ಚಮಚ ಒರೆಸುತ್ತಿದ್ದರು. ಬಟ್ಟೆ ಪೆಟ್ಟಿಗೆಯ ತಳದಿಂದ ಬಿರಡೆ ತಂದು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಲ್ಲಿ ತಿಕ್ಕಿದರು. ಉಗುರಿಗೆ ಮೇಣ ಸಿಕ್ಕಿತು. ಮೂಗಿಗೆ ಹಿಡಿದರು.

"ಎಷ್ಟಕ್ಕೆ?" ಎಂದು ಕೇಳಿದರು.

"ಮೂರಕ್ಕೆ. ಒಡೀತದೆ ಅಂತ ಮಾಡಿದ್ದು ಬಟ್ಲರಣ್ಣ. ನಮ್ಮ ಅವ್ವ ಹಾಗೇ ಮಾಡೋದು."

"ಬಿರಡೆ ಅವತ್ತೇ ತೆಗೆದಿಟ್ಟದ್ದಾ?"

ಹೌದೆಂದೆ. ಅವರು ಮುಖ ಆಚೆ ತಿರುಗಿಸಿಕೊಂಡರು. ಎಡಗೈ ಬೆನ್ನ ಹಿಂದೆ ಹೋಗಿತ್ತು, ಮೂಸುವುದಕ್ಕೆ ಏನೂ ಇಲ್ಲದಿದ್ದರೂ. ಅವರಿಗೆ ನೋವಾಗಿತ್ತು. ಅದು ವೈನಿನದ್ದಲ್ಲ ಎಂದು ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದ ಆ ಮೂರು ವಾರದ್ದು. ಬೈದರೆ ಸಾಕು ಎಂದು ಕಾಯುತ್ತಾ ನಿಂತೆ.

ಕೊನೆಗೆ ಅವರು ತಿರುಗಿದರು. "ಹಾಗಾದ್ರೆ ನನ್ನ ನಾಲಿಗೆ ಸರಿ ಉಟ್ಟು" ಅಂದರು.

ನಾನು ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಒರೆಸುತ್ತಿದ್ದ ಚಮಚವನ್ನು ಜಾಗದಲ್ಲಿಟ್ಟು, ಸೂಜಿ ಬಿದ್ದ ಇನ್ನೊಂದನ್ನು ಬಾವಿಗೆ ಇಳಿಸಲು ಹೇಳಿದರು. ಅದು ಹಾಳಾಗಿದೆಯಲ್ಲ ಎಂದೆ. ಹಾಳಾದ್ದನ್ನೂ ನೋಡಬೇಕಲ್ಲ ಎಂದರು.

ಆ ಮಧ್ಯಾಹ್ನ ಅವರು ಒಂದು ಗಂಟೆ ಆ ಗ್ಲಾಸಿನೆದುರು ಕೂತರು. ಅಷ್ಟು ಸಾವಕಾಶವಾಗಿ ಅವರು ರುಚಿ ನೋಡಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಗಾಳಿ ಬಡಿದಿದೆ, ಕೊಯ್ದಿಟ್ಟ ಸೇಬು ಕಂದಿದ ಹಾಗೆ, ಅದು ಸೂಜಿಯದ್ದು, ಅದನ್ನು ಬದಿಗಿಡಿ ಎಂದರು. ಗುಳ್ಳೆ ಇದ್ದಾಗ ಅದರ ಗಲಾಟೆಯಲ್ಲಿ ಒಳಗಿನವರ ಮಾತು ಕೇಳುವುದಿಲ್ಲ, ಇವತ್ತು ಕೇಳುತ್ತಿದೆ ಎಂದರು. ಕಾಫಿ ಹೂ ಬಿಟ್ಟ ಕಾಲದ ಜೇನು, ತೆಳ್ಳಗೆ. ಬೆಣ್ಣೆ ಕಾಸುವಾಗ ತಳದಲ್ಲಿ ಕೆಂಪಾಗುವ ಗಸಿ. ಮೊದಲ ಮಳೆಗೆ ನೆನೆದ ಕಲ್ಲು. ಇಷ್ಟೆಲ್ಲ ಸರಂಜಾಮು ಕಟ್ಟಿಕೊಂಡು ಹುಳಿ ಹೊರಡುವುದನ್ನೇ ಕಾಯುತ್ತಿದ್ದಾರೆ. ದೊರೆ ಹತ್ತು ವರ್ಷ ಎಂದದ್ದು ಕಡಿಮೆ, ಹನ್ನೆರಡಾದರೂ ಬೇಕು ಎಂದರು. ನಾನು ಬರೆದು ಬರೆದು ಪೆನ್ಸಿಲ್ಲಿನ ಮೊನೆ ಸವೆಯಿತು.

ಸೂಜಿ ಬಿದ್ದ ಮೂರನೆಯದನ್ನು ಕುಞ್ಞಪ್ಪ ಕೇಳಿ ತೆಗೆದುಕೊಂಡ. ಹುಳಿಗೆ ಹಾಕುವ ಕಾಚಂಪುಳಿಯ ಬದಲು ಹಂದಿ ಮಾಂಸಕ್ಕೆ ಹಾಕಿ, ದೊರೆಮಕ್ಕಳ ಹುಳಿ ಎಂದು ಬಡಿಸಿದ. ಉಳಿದೆರಡು ಗೂಡೆಗಳು ಮುಂದಿನ ಎರಡು ಹುತ್ತರಿಗಳಲ್ಲಿ ಬಟ್ಲರಣ್ಣನ ಕೈಯಲ್ಲೇ ತೆರೆದವು, ನಿಟ್ಟುಸಿರು ಬಿಟ್ಟೇ. ಎರಡಕ್ಕೂ ಅವರು ಅಂದದ್ದು, ಇನ್ನೂ ಎಳೆದು. ಹನ್ನೆರಡು ವರ್ಷ ಕಾಯಲು ಬಾಟಲಿಗಳು ಉಳಿಯಲಿಲ್ಲ, ಅವರ ಕಣ್ಣೂ ಉಳಿಯಲಿಲ್ಲ. ನಾಪೋಕ್ಲಿಗೆ ಹೋದರು.

ಈಗ ಆ ದಿನದ ಕಾಗದದ ಮಾತು. ಅವರು ಹೇಳಿದ್ದನ್ನೆಲ್ಲ ಬರೆದ ಮೇಲೆ ನಾನು ಕೆಳಗೆ ನನ್ನದನ್ನೂ ಬರೆದೆ. ಗೋಣಿ ಸೂಜಿಯ ವಿಷಯ, ನಮ್ಮಲ್ಲಿ ಕಿತ್ತಳೆ ವೈನಿಗೆ ಹಾಗೆ ಮಾಡುತ್ತಾರೆಂಬುದು, ಬಟ್ಲರಣ್ಣನ ಕಾವಲಿನಲ್ಲಿ ತಪ್ಪಿಲ್ಲವೆಂಬುದು. ಏನು ಬರೆದಿರಿ ಎಂದು ಕೇಳಿದರು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು. ಕೊನೆಯ ಸಾಲು ಹೀಗಿತ್ತು: ಗೊತ್ತಾದ ಮೇಲೂ ನಾನು ಹೆದರಿ ಬಿರಡೆಯನ್ನು ಬಚ್ಚಿಟ್ಟು, ಮೂರು ವಾರ ಅವರನ್ನು ನೋಡುತ್ತಾ ಸುಮ್ಮನಿದ್ದೆ.

"ಅದ ಹೊಡೆದು ಹಾಕಿ" ಅಂದರು.

ನಿಜವಲ್ಲವಾ ಎಂದೆ.

"ನಿಜವೇ. ಸೂಜಿ ವೈನಿಗೆ ಬಿದ್ದದ್ದು, ಅದು ದೊರೆಗೆ ಗೊತ್ತಾಗ್ಬೇಕು. ಇದು ನನಗೆ ಬಿದ್ದದ್ದು. ಇದು ದೊರೆಗೆ ಎಂತಕೆ?"

ಹೊಡೆದು ಹಾಕಿದೆ. ಚೊಕ್ಕಟವಾಗಿ ಮತ್ತೊಂದು ಪ್ರತಿ ಮಾಡುತ್ತೇನೆ ಎಂದರೆ, ಬೇಡ, ಅಂಚೆ ಹೊರಡುತ್ತದೆ ಎಂದು ಕಾಗದವನ್ನು ತಾವೇ ಮಡಿಸಿದರು. ಅದರ ಮೇಲೆ ಅವರು ಏಳೆಂಟು ವರ್ಷ ಬದುಕಿದರು. ಎಷ್ಟೋ ಸಲ ಸಿಕ್ಕಿದೆವು, ಎಷ್ಟೋ ಮಾತಾಡಿದೆವು. ಆ ಮೂರು ವಾರಗಳ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ನಾನು ಎತ್ತಲು ಹೋದರೆ, ಮಗು ಹೇಗಿದೆ ಎಂದು ಕೇಳುತ್ತಿದ್ದರು. ಅವರು ಇರುವವರೆಗೆ ಅದನ್ನು ಯಾರಿಗೂ ಹೇಳುವ ಹಕ್ಕು ನನಗಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಬಂದ ಸಂಜೆಯೇ ಈ ಬರಹಕ್ಕೆ ಕೂತೆ. ಮೊದಲು ಬರೆದದ್ದು ಅಂದು ಹೊಡೆದು ಹಾಕಿದ ಆ ಸಾಲನ್ನು.